ಮಕ್ಕಳ ಬರಹಕ್ಕೆ ಓದುಗರು ಬೇಕು

ಭಾಷಾ ಶಿಕ್ಷಕಿಯಾಗಿ ನಾನು ತಿದ್ದಿದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಬಹುಪಾಲು ಮೊದಲ ಸಾಲು ಓದುವಾಗಲೇ ಕೊನೆಯ ಸಾಲು ಗೊತ್ತಾಗಿಬಿಡುವಂಥವು. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಅವರು ಬರೆಯುವುದು ಒಬ್ಬಳೇ ಒಬ್ಬಳು ಓದುವವಳಿಗೆ, ಅಂದರೆ ಟೀಚರಿಗೆ. ಅವಳಿಗೆ ವಿಷಯ ಮೊದಲೇ ಗೊತ್ತು, ಕೈಯಲ್ಲಿ ಕೆಂಪು ಪೆನ್ನು ಬೇರೆ. ಅಂಥವಳಿಗೆ ಯಾವ ಮಗು ಮನಸ್ಸು ಬಿಚ್ಚಿ ಏನು ಹೇಳೀತು?

ಅದಕ್ಕೇ ತರಗತಿಗೊಂದು ಬ್ಲಾಗ್ ಮಾಡಿದೆ. ಮೊದಲ ವಾರ ಒಬ್ಬ ಹುಡುಗ ನಾಲ್ಕು ಸಾಲು ಹಾಕಿದ: ‘ನಮ್ಮ ನಾಯಿ ಕಳೆದುಹೋಯಿತು. ತುಂಬಾ ಬೇಸರವಾಯಿತು. ಆಮೇಲೆ ಸಿಕ್ಕಿತು. ಸಂತೋಷವಾಯಿತು.’ ಪುಸ್ತಕದಲ್ಲಾಗಿದ್ದರೆ ಪಕ್ಕದಲ್ಲಿ ‘ವಿವರಿಸಿ ಬರೆ’ ಎಂದು ಗೀಚುತ್ತಿದ್ದೆ. ಹಾಗೆ ನೂರಾರು ಸಲ ಗೀಚಿದ್ದೇನೆ, ಯಾರೂ ವಿವರಿಸಿದ್ದಿಲ್ಲ. ಬ್ಲಾಗಿನಲ್ಲಿ ಸಹಪಾಠಿಯೊಬ್ಬಳು ಕೇಳಿದಳು: ‘ಅದೇ ವಾಪಸ್ ಬಂತಾ, ನೀವು ಹುಡುಕಿದ್ರಾ?’ ಇನ್ನೊಬ್ಬ: ‘ರಾತ್ರಿ ಎಲ್ಲಿತ್ತಂತೆ?’ ಮಾರನೆಯ ದಿನ ನೋಡಿದರೆ ಮೂರು ಪ್ಯಾರಾ! ಮುಟ್ಟದೆ ಉಳಿದ ಅದರ ತಟ್ಟೆ, ಟಾರ್ಚ್ ಹಿಡಿದು ಹೊರಟ ಅಪ್ಪ, ನಿದ್ದೆ ಬಾರದ ತಂಗಿ, ಎಲ್ಲ ಅಲ್ಲಿದ್ದವು. ಅಷ್ಟೂ ಅವನೊಳಗೆ ಇತ್ತು. ಕೇಳುವವರು ಬೇಕಿತ್ತು.

ಇದು ಇಂಟರ್ನೆಟ್ಟಿನಿಂದ ಹುಟ್ಟಿದ ಉಪಾಯವೇನಲ್ಲ. ಫ್ರಾನ್ಸಿನ ಹಳ್ಳಿ ಶಾಲೆಯ ಮೇಷ್ಟ್ರು ಸೆಲೆಸ್ಟಿನ್ ಫ್ರೆನೆ 1920ರ ದಶಕದಲ್ಲೇ ತರಗತಿಗೆ ಪುಟ್ಟ ಮುದ್ರಣ ಯಂತ್ರ ತಂದಿಟ್ಟಿದ್ದರು. ಮಕ್ಕಳು ತಮ್ಮ ಬದುಕಿನದನ್ನು ಬರೆದು, ಕೂತು ಒಟ್ಟಿಗೆ ತಿದ್ದಿ, ತಾವೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿ, ದೂರದ ಶಾಲೆಯ ಮಕ್ಕಳಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಲ್ಲಿಂದಲೂ ಬರಹಗಳು ಬರುತ್ತಿದ್ದವು. ಅಷ್ಟೆಲ್ಲ ಪಾಡುಪಟ್ಟು ಫ್ರೆನೆ ಮಕ್ಕಳಿಗೆ ದೊರಕಿಸಿದ್ದು ಓದುಗರನ್ನು. 1999ರಲ್ಲಿ ಬ್ಲಾಗ್ ಮಾಡಿಕೊಡುವ ‘ಬ್ಲಾಗರ್’ ಎಂಬ ಜಾಲತಾಣ ಶುರುವಾದ ಮೇಲೆ ಅದೇ ಕೆಲಸ ಒಂದು ಗುಂಡಿ ಒತ್ತುವಷ್ಟು ಸುಲಭವಾಯಿತು. ಆದರೂ ನಮ್ಮಲ್ಲಿ ಹೆಚ್ಚಿನವರು ಇನ್ನೂ ಪುಸ್ತಕದ ಕಟ್ಟು ಹೊತ್ತುಕೊಂಡೇ ಮನೆಗೆ ಹೋಗುತ್ತೇವೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ನಾನು ಮಾಡಿದ ದೊಡ್ಡ ತಪ್ಪನ್ನೂ ಹೇಳಬೇಕು. ಶುರುವಿನಲ್ಲಿ ಕಾಗುಣಿತದ ತಪ್ಪುಗಳನ್ನು ಎಲ್ಲರಿಗೂ ಕಾಣುವ ಕಾಮೆಂಟಿನಲ್ಲೇ ತಿದ್ದುತ್ತಿದ್ದೆ. ಚೆನ್ನಾಗಿ ಬರೆಯುತ್ತಿದ್ದ ಹುಡುಗಿಯೊಬ್ಬಳು ಬರೆಯುವುದನ್ನೇ ನಿಲ್ಲಿಸಿದಳು. ಕಾರಣ ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ಎರಡನೆಯ ಭಾಷೆ ಕಲಿಯುವವರ ಬರವಣಿಗೆ ವ್ಯಾಕರಣದ ತಿದ್ದುಪಡಿಯಿಂದ ಸುಧಾರಿಸುವುದಿಲ್ಲ, ಅದನ್ನು ಕೈಬಿಡಿ ಎಂದು ಭಾಷಾ ಕಲಿಕೆಯ ಸಂಶೋಧಕ ಜಾನ್ ಟ್ರಸ್ಕಾಟ್ 1996ರಲ್ಲಿ ವಾದಿಸಿದರು. ಅಷ್ಟು ದೂರ ಹೋಗಬೇಡಿ ಎಂದು ಅದೇ ಕ್ಷೇತ್ರದ ಸಂಶೋಧಕಿ ಡಾನಾ ಫೆರಿಸ್ 1999ರಲ್ಲಿ ಉತ್ತರ ಕೊಟ್ಟರು. ನನ್ನ ಮನಸ್ಸು ಫೆರಿಸ್ ಕಡೆಗೇ. ತಿದ್ದಬೇಕು, ಆದರೆ ಜಾತ್ರೆಯ ನಡುವೆ ನಿಲ್ಲಿಸಿ ತಿದ್ದಬಾರದು. ಈಗ ಬ್ಲಾಗಿನಲ್ಲಿ ನಾನೂ ಓದುವವರಲ್ಲಿ ಒಬ್ಬಳು, ಪ್ರಶ್ನೆ ಮಾತ್ರ ಕೇಳುತ್ತೇನೆ. ಹಲವರಲ್ಲಿ ಕಾಣುವ ಒಂದು ತಪ್ಪನ್ನು ಆರಿಸಿಕೊಂಡು, ಹೆಸರೆತ್ತದೆ, ತರಗತಿಯಲ್ಲಿ ಹೇಳಿಕೊಡುತ್ತೇನೆ.

ಕಾಮೆಂಟ್ ಹಾಕುವುದನ್ನೂ ಕಲಿಸಲೇಬೇಕು. ಬಿಟ್ಟರೆ ಎಲ್ಲರೂ ‘ಸೂಪರ್’ ಎಂದು ಒತ್ತಿ ಹೋಗುತ್ತಾರೆ. ಓದಿದ್ದರಲ್ಲಿ ಮನಸ್ಸಿಗೆ ಹಿಡಿಸಿದ ಒಂದು ಸಾಲನ್ನು ಎತ್ತಿ ಬರೆ, ಅರ್ಥವಾಗದ ಒಂದನ್ನು ಕೇಳು. ಇಷ್ಟೇ ನಿಯಮ. ಒಳ್ಳೆಯ ಪ್ರಶ್ನೆ ಕೇಳಲು ಕಲಿತ ಮಗು ತನ್ನ ಕರಡು ಬರಹಕ್ಕೂ ಅದೇ ಪ್ರಶ್ನೆ ಹಾಕಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ.

ಸುರಕ್ಷತೆಯ ವಿಷಯದಲ್ಲಿ ರಾಜಿ ಬೇಡ: ಆಹ್ವಾನ ಪಡೆದವರಿಗಷ್ಟೇ ತೆರೆಯುವ ಬ್ಲಾಗ್, ಪೂರ್ಣ ಹೆಸರು ಮತ್ತು ಫೋಟೋ ಇಲ್ಲ, ಪೋಷಕರ ಒಪ್ಪಿಗೆ ಮೊದಲೇ.

ಎಲ್ಲಿಂದಲೋ ನಕಲು ಮಾಡಿ ಅಂಟಿಸಿದರೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ವರ್ಡ್‌ಪ್ರೆಸ್ ಎಂಬ ಬ್ಲಾಗ್ ತಂತ್ರಾಂಶ ಹಳೆಯ ಕರಡುಗಳನ್ನು ಉಳಿಸಿಡುತ್ತದೆ, ಬರಹ ಹೇಗೆ ಬೆಳೆಯಿತೆಂದು ತೆಗೆದು ನೋಡಬಹುದು. ಅದಕ್ಕಿಂತ ಹೆಚ್ಚಾಗಿ, ತನ್ನ ನಾಯಿಯ ಬಗ್ಗೆ ಗೆಳೆಯರು ಕೇಳಿದ್ದಕ್ಕೆ ಉತ್ತರವನ್ನು ಆ ಹುಡುಗ ಎಲ್ಲಿಂದ ನಕಲು ಮಾಡಿಯಾನು?

ಇನ್ನು ಅಂಕ. ಪ್ರತಿ ಪೋಸ್ಟಿಗೂ ಅಂಕ ಕೊಟ್ಟರೆ ಬ್ಲಾಗ್ ಮತ್ತೆ ಪರೀಕ್ಷೆಯ ಹಾಳೆಯಾಗುತ್ತದೆ. ನಾನು ವರ್ಷದ ಕೊನೆಗೆ ‘ನಿನಗಿಷ್ಟವಾದ ಎರಡನ್ನು ಆರಿಸಿ, ತಿದ್ದಿ ಕೊಡು’ ಎನ್ನುತ್ತೇನೆ. ಅಂಕ ಆ ಎರಡಕ್ಕೆ ಮಾತ್ರ. ಆ ಹುಡುಗ ಆರಿಸಿದ್ದರಲ್ಲಿ ಒಂದು ನಾಯಿಯದೇ. ಅಷ್ಟರಲ್ಲಿ ಅದು ಐದು ಪ್ಯಾರಾ ಆಗಿತ್ತು, ‘ಸಂತೋಷವಾಯಿತು’ ಎಂಬ ಸಾಲನ್ನು ಅವನೇ ತೆಗೆದುಹಾಕಿದ್ದ.