ಕ್ರಿಸ್ಮಸ್ ರಜೆಯ ಗೆಡ್ಡೆಗಳು

ಕಾಸರಗೋಡಿನಲ್ಲಿ ಚಳಿಗಾಲ ಬೆಳಗ್ಗೆ ಎಂಟು ಗಂಟೆಗೆ ಮುಗಿಯುತ್ತದೆ. ಆಮೇಲಿನದು ಅಡಿಕೆ ಒಣಗಿಸುವ ಕಾಲ. ಆದರೂ ಡಿಸೆಂಬರ್ ಬಂತೆಂದರೆ ಅಜ್ಜಂದಿರು ಮಫ್ಲರ್ ಸುತ್ತಿಕೊಳ್ಳುತ್ತಾರೆ, ಮಧ್ಯಾಹ್ನ ಫ್ಯಾನಿನಡಿ ಕೂತರೂ ಅದನ್ನು ತೆಗೆಯುವುದಿಲ್ಲ. ಚಳಿಗೂ ಒಂದು ಮರ್ಯಾದೆ ಬೇಡವೇ!

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿ ರಾಜ್ಯ ಬೇರೆಯಾದಾಗ ಇಲ್ಲಿಯ ಕನ್ನಡ ಮಕ್ಕಳ ರಜೆಯೂ ಬೇರೆಯಾಯಿತು. ಗಡಿಯ ತಲಪಾಡಿಯ ಆಚೆ, ಕರ್ನಾಟಕದಲ್ಲಿ ಇರುವ ನೆಂಟರ ಮಕ್ಕಳಿಗೆ ದಸರಾ ರಜೆ ದೊಡ್ಡದು. ಈಚೆಯವರಿಗೆ ಓಣಂಗೆ ಹತ್ತು ದಿನ, ಕ್ರಿಸ್ಮಸಿಗೆ ಹತ್ತು ದಿನ. ಅತ್ತೆಯ ಮಕ್ಕಳು, ಮಾವನ ಮಕ್ಕಳು ಒಟ್ಟು ಸೇರುವ ಲೆಕ್ಕಾಚಾರ ಹಾಗಾಗಿ ಯಾವಾಗಲೂ ಸ್ವಲ್ಪ ಅಡ್ಡಾದಿಡ್ಡಿ. ಬೆಂಗಳೂರಿನ ಕೆಲವು ಶಾಲೆಗಳು ಮಾತ್ರ ಡಿಸೆಂಬರ್ ಕೊನೆಗೆ ಬಾಗಿಲು ಹಾಕುತ್ತವೆ. ಆ ಮಕ್ಕಳು ರಾತ್ರಿ ರೈಲಿನಲ್ಲಿ ಸ್ವೆಟರ್ ಹಾಕಿಕೊಂಡು ಬಂದು, ಸ್ಟೇಷನ್ನಿನಲ್ಲಿ ಇಳಿದು, ಮನೆ ಸೇರುವುದರೊಳಗೆ ಬನಿಯನ್ನಿಗೆ ಬಂದಿರುತ್ತಾರೆ. ನಾಲ್ಕು ಜನರ ಮನೆ ಹನ್ನೊಂದು ಜನರದ್ದಾಗುತ್ತದೆ.

ಹನ್ನೊಂದು ಹೊಟ್ಟೆಗೆ ಹತ್ತು ದಿನ ಅಂಗಡಿಯಿಂದ ತಂದು ಹಾಕಹೊರಟರೆ ಅಡಿಕೆಯ ದುಡ್ಡು ಅಡಿಕೆ ಒಣಗುವ ಮೊದಲೇ ಖರ್ಚು. ಆದರೆ ಹನ್ನೊಂದು ಹೊಟ್ಟೆಯ ಜೊತೆ ಇಪ್ಪತ್ತೆರಡು ಕೈಗಳೂ ಬಂದಿವೆ. ನಮ್ಮ ಕಡೆಯ ಅಡುಗೆಯಲ್ಲಿ ಅಗ್ಗದ್ದೆಲ್ಲ ಕೈ ಕೇಳುವಂಥದ್ದು. ಮರಗೆಣಸು, ಕೆಸವಿನ ಗೆಡ್ಡೆ, ಸುವರ್ಣಗೆಡ್ಡೆ, ಕೂವೆ: ಮಳೆಗಾಲದ ಮೊದಲು ಮಣ್ಣಿಗೆ ಹಾಕಿ ಮರೆತದ್ದು ಧನು ತಿಂಗಳ ಹೊತ್ತಿಗೆ ತಯಾರಾಗಿ ಕೂತಿರುತ್ತದೆ. ಉಳಿದ ದಿನಗಳಲ್ಲಿ ಅದನ್ನು ಅಗೆದು, ತೊಳೆದು, ಸಿಪ್ಪೆ ತೆಗೆಯುವ ಪುರುಸೊತ್ತು ಯಾರಿಗಿದೆ?

ಮರಗೆಣಸಿನಿಂದ ಶುರುಮಾಡುವುದು ಸುಲಭ. ಪೇಟೆಯ ತರಕಾರಿ ಅಂಗಡಿಯ ಬೋರ್ಡಿನಲ್ಲಿ ಅದು ಕಪ್ಪ, ತುಳುವರ ಮನೆಯಲ್ಲಿ ಮರಕೆರೆಂಗ್, ಹವ್ಯಕರಲ್ಲಿ ಮರಗೆಣಂಗು. ಏಳು ಭಾಷೆಯ ಊರಿನಲ್ಲಿ ಯಾವ ಹೆಸರಲ್ಲಿ ಕರೆದರೂ ಬರುತ್ತದೆ, ಆದರೆ ಎಳೆದರೆ ಬರುವುದಿಲ್ಲ. ಮಳೆ ನಿಂತ ಮೇಲಿನ ಮುರಮಣ್ಣು ಡಿಸೆಂಬರಿನಲ್ಲಿ ಕಲ್ಲಾಗಿರುತ್ತದೆ. ಉತ್ಸಾಹಿ ಹುಡುಗರು ಕಾಂಡ ಹಿಡಿದು ಎಳೆದರೆ ಕೈಗೆ ಕಾಂಡ ಬರುತ್ತದೆ, ಗೆಡ್ಡೆಯ ಅರ್ಧ ಒಳಗೇ ಉಳಿಯುತ್ತದೆ. ಹಿಂದಿನ ಸಂಜೆ ಬುಡಕ್ಕೆ ಎರಡು ಕೊಡ ನೀರು ಹೊಯ್ದು, ಬೆಳಗ್ಗೆ ಒಂದು ಮೊಳ ದೂರದಿಂದ ಸುತ್ತಲೂ ಹಾರೆ ಹಾಕಿ ಮಣ್ಣು ಸಡಿಲಿಸಿ, ಆಮೇಲೆ ಕಾಂಡವನ್ನು ಆಚೆ ಈಚೆ ಅಲುಗಿಸುತ್ತ ಎತ್ತಬೇಕು. ಮುರಿದ ಗೆಡ್ಡೆಗೆ ಗಾಳಿ ತಾಗಿದ ಜಾಗದಿಂದ ಒಳಗೆ ನೀಲಿಗಪ್ಪು ಗೆರೆ ಹಬ್ಬುತ್ತದೆ; ಎರಡು ಮೂರು ದಿನಕ್ಕೆ ಅದು ಬೇಯದ ಮರದ ತುಂಡು. ಆ ದಿನಕ್ಕೆ ಬೇಕಾದಷ್ಟೇ ಕೀಳುವುದು ಜಾಣತನ. ಮಣ್ಣಿಗಿಂತ ಒಳ್ಳೆಯ ಫ್ರಿಜ್ ಮರಗೆಣಸಿಗೆ ಬೇರೆ ಇಲ್ಲ. ಹಾಗೆಂದು ನಂಬಿ ಬಹಳ ದಿನ ಬಿಟ್ಟರೆ ನಾಲ್ಕು ಕಾಲಿನ ನೆಂಟರು ಬರುತ್ತಾರೆ. ಹೆಗ್ಗಣ ಒಂದೊಂದೇ ಗೆಡ್ಡೆ ತಿಂದು ಹೋಗುತ್ತದೆ, ಕಾಡುಹಂದಿ ಒಂದೇ ರಾತ್ರಿಗೆ ಸಾಲನ್ನೇ ಉತ್ತು ಹೋಗುತ್ತದೆ.

ಸಿಪ್ಪೆ ಎರಡು ಪದರ. ಮೇಲಿನದು ಕಾಗದದಂಥ ಕಂದು ಪೊರೆ, ಅದರಡಿ ದಪ್ಪದ ನಸುಗೆಂಪು ತೊಗಟೆ. ಪೀಲರ್ ಹಿಡಿದು ಕೆರೆಯುವುದು ಪೇಟೆಯವರ ಕ್ರಮ, ಅರ್ಧ ಗಂಟೆಗೂ ಮುಗಿಯುವುದಿಲ್ಲ. ಗೇಣುದ್ದದ ತುಂಡು ಮಾಡಿ, ಉದ್ದಕ್ಕೆ ಕತ್ತಿಯಿಂದ ಒಂದು ಗೀರು ಹಾಕಿ, ತುದಿಯನ್ನು ಬೆರಳಿನಿಂದ ಎಬ್ಬಿಸಿ ಸುತ್ತ ತಿರುಗಿಸಿದರೆ ಎರಡೂ ಪದರ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ನಡುವಿನ ನಾರನ್ನು ಸೀಳಿ ತೆಗೆಯಬೇಕು.

ಈಗ ನೀರಿನ ವಿಷಯ, ಇಲ್ಲಿ ಉಳಿತಾಯ ಕೂಡದು. ಮರಗೆಣಸಿನಲ್ಲಿ ಲಿನಾಮರಿನ್ ಎಂಬುದೊಂದು ಇದೆ. ಅದು ಒಡೆದರೆ ಸೈನೈಡಿನ ಅಂಶ ಬಿಡುತ್ತದೆ. ಹೆದರುವ ಕಾರಣವಿಲ್ಲ, ಆದರೆ ಕ್ರಮ ತಪ್ಪಬಾರದು. ತುಂಡುಗಳು ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು, ಮುಚ್ಚಳ ತೆರೆದ ಪಾತ್ರೆ. ಚೆನ್ನಾಗಿ ಕುದಿದ ಮೇಲೆ ಆ ನೀರನ್ನು ಪೂರ್ತಿ ಬಸಿದು ಚೆಲ್ಲಿ, ಹೊಸ ನೀರು, ಅರಸಿನ, ಉಪ್ಪು ಹಾಕಿ ಮತ್ತೆ ಬೇಯಿಸುವುದು. ಗ್ಯಾಸ್ ಉಳಿಸುತ್ತೇನೆಂದು ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸುವವರಿದ್ದಾರೆ. ಅದು ತಪ್ಪು ಕಡೆ ಜಿಪುಣತನ, ಹೋಗಬೇಕಾದದ್ದು ಹೋಗಲು ದಾರಿಯೇ ಇಲ್ಲ. ಬಸಿದ ನೀರು ದನಕ್ಕೂ ಬೇಡ. ಬಾಯಿಗೆ ಕಹಿ ಬಂದ ಗೆಡ್ಡೆಯನ್ನು ‘ಒಗ್ಗರಣೆ ಹಾಕಿದರೆ ಸರಿಯಾಗುತ್ತದೆ’ ಎಂದು ಇಟ್ಟುಕೊಳ್ಳಬಾರದು, ಎಸೆಯಬೇಕು.

ಬೆಂದದ್ದಕ್ಕೆ ಎರಡು ಕಿಲೋಗೆ ಒಂದು ತೆಂಗಿನಕಾಯಿಯ ತುರಿ, ಐದಾರು ಹಸಿಮೆಣಸು, ಅರ್ಧ ಚಮಚ ಜೀರಿಗೆ, ಬೇಕಾದವರಿಗೆ ನಾಲ್ಕು ಎಸಳು ಬೆಳ್ಳುಳ್ಳಿ. ಇದನ್ನು ನುಣ್ಣಗೆ ರುಬ್ಬಿದರೆ ಮರಗೆಣಸು ಗೋಂದಾಗುತ್ತದೆ. ಜಜ್ಜಿದರೆ ಸಾಕು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವು. ಸೌಟಿನ ಹಿಡಿಯಿಂದ ತಿರುಗಿಸಿ, ಅರ್ಧ ಹುಡಿ ಅರ್ಧ ತುಂಡು ಇರುವಾಗ ಇಳಿಸುವುದು. ಬೆಳಗ್ಗಿನ ತಿಂಡಿ ಆಯಿತು, ಅದೂ ಅಕ್ಕಿಯ ಡಬ್ಬಿ ಮುಟ್ಟದೆ. ಹನ್ನೊಂದು ಜನಕ್ಕೆ ಎರಡು ಕಿಲೋ ಸಾಲುವುದಿಲ್ಲ ಎಂದು ಮೊದಲೇ ಹೇಳಿಬಿಡಬೇಕು; ಸಿಪ್ಪೆ, ನಾರು ಕಳೆದು ಮೂರು ಕಿಲೋ ಇರಲಿ, ಕಾಯಿಯೂ ಅದಕ್ಕೆ ತಕ್ಕ ಹಾಗೆ.

ಹೆಚ್ಚು ಕಿತ್ತು ಬಿಟ್ಟಿದ್ದರೆ ಹಪ್ಪಳ. ಬೆಂದ ಗೆಣಸನ್ನು ಬಿಸಿ ಇರುವಾಗಲೇ ಗುದ್ದಬೇಕು, ಆರಿದರೆ ಬಿಗಿದು ಗಂಟು ಗಂಟಾಗುತ್ತದೆ, ಆಮೇಲೆ ಒನಕೆ ಬಿದ್ದರೂ ಒಡೆಯುವುದಿಲ್ಲ. ಉಪ್ಪು, ಮೆಣಸಿನ ಹುಡಿ, ಜೀರಿಗೆ ಸೇರಿಸಿ ಲಿಂಬೆ ಗಾತ್ರದ ಉಂಡೆ, ಎಣ್ಣೆ ಪಸೆ ಮಾಡಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿ ಬಿಸಿಲಿಗೆ ಹರಡುವುದು. ಒತ್ತುವ ಕೆಲಸಕ್ಕೆ ಮಕ್ಕಳಲ್ಲಿ ಜಗಳ, ಕಾಗೆ ಓಡಿಸುವ ಕೆಲಸಕ್ಕೆ ಯಾರೂ ಇಲ್ಲ. ಇದು ಎಲ್ಲ ಮನೆಯಲ್ಲೂ ಹೀಗೆಯೇ.

ಅನ್ನದ ಲೆಕ್ಕ ಬೇಗ ಹೇಳಿ ಮುಗಿಸಬಹುದು. ರಾತ್ರಿಗೆ ಕುಚ್ಚಲಕ್ಕಿ ಗಂಜಿ. ಒಂದು ಕುಡ್ತೆ ಅಕ್ಕಿಗೆ ಐದಾರು ಕುಡ್ತೆ ನೀರು. ಗ್ಯಾಸಿನಲ್ಲಿ ಪೂರ್ತಿ ಬೇಯಿಸುವ ಅಗತ್ಯವಿಲ್ಲ: ಇಪ್ಪತ್ತು ನಿಮಿಷ ಬಿರುಸಾಗಿ ಕುದಿಸಿ, ಆ ಪಾತ್ರೆಯನ್ನು ಹಾಗೇ ಬಿಸಿ ಆರದಂತೆ ಹಿಡಿದಿಡುವ ಥರ್ಮಲ್ ಕುಕ್ಕರಿನೊಳಗೆ ಇಟ್ಟು ಮುಚ್ಚಿದರೆ ಒಂದೂವರೆ ಎರಡು ಗಂಟೆಯಲ್ಲಿ ಅಕ್ಕಿ ತನ್ನಷ್ಟಕ್ಕೆ ಅರಳುತ್ತದೆ. ನಡುವೆ ತೆರೆದು ನೋಡುವ ಚಪಲದವರಿದ್ದರೆ ಮಾತ್ರ ಅಕ್ಕಿ ಒಳಗೆ ಗಟ್ಟಿ ಉಳಿಯುತ್ತದೆ. ಜೊತೆಗೆ ಸುಟ್ಟ ಮೆಣಸಿನ ಚಟ್ನಿ, ಕೆಂಡದಲ್ಲಿ ಸುಟ್ಟ ಹಪ್ಪಳ, ಭರಣಿಯ ತಳದಲ್ಲಿ ಉಳಿದ ಮಿಡಿ. ಬೆಂಗಳೂರಿನ ಮಕ್ಕಳು ಮೊದಲ ರಾತ್ರಿ ‘ಯಾರಿಗೆ ಹುಷಾರಿಲ್ಲ?’ ಎಂದು ಕೇಳುತ್ತಾರೆ. ಮೂರನೆಯ ರಾತ್ರಿ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ.

ಆದರೆ ರಜೆಯ ನಿಜವಾದ ಕೆಲಸ ಕೂವೆ, ಅಂದರೆ ಅದರ ಗೆಡ್ಡೆಯಿಂದ ಬಿಳಿ ಹುಡಿ (ಆರಾರೂಟ್) ತೆಗೆಯುವುದು. ಅಂಗಡಿಯಲ್ಲಿ ಪೊಟ್ಟಣ ಸಿಗುತ್ತದೆ ಎನ್ನುವವರು ಸಿಗುವ ಎಲ್ಲ ಬಿಳಿ ಹುಡಿಯೂ ಕೂವೆ ಎಂದು ನಂಬುವಷ್ಟು ಒಳ್ಳೆಯವರು. ತೋಟದ ಬದಿಯಲ್ಲಿ, ಗುಡ್ಡೆಯ ತಪ್ಪಲಿನಲ್ಲಿ ಅರಸಿನದಂಥ ಎಲೆ ಬಿಟ್ಟುಕೊಂಡು ತನ್ನಷ್ಟಕ್ಕೆ ಬೆಳೆಯುವ ಗಿಡ ಇದು, ಗೊಬ್ಬರ ಕೇಳುವುದಿಲ್ಲ, ಯಾರೂ ಹಾಕುವುದೂ ಇಲ್ಲ. ಎಲೆ ಹಳದಿಯಾಗಿ ಮಲಗಿದ ಮೇಲೆಯೇ ಅಗೆಯಬೇಕು. ಹಸಿರು ಇರುವಾಗ ಅಗೆದರೆ ಗೆಡ್ಡೆ ತುಂಬ ನೀರು, ಹುಡಿ ಏನೂ ಇಲ್ಲ. ಎಲೆ ಪೂರ್ತಿ ಒಣಗಿ ಮಾಯವಾಗುವ ತನಕ ಕಾದರೆ ಗಿಡ ಎಲ್ಲಿತ್ತೆಂದು ಗೊತ್ತಾಗುವುದಿಲ್ಲ. ಇವೆರಡರ ನಡುವಿನ ಸಮಯ ಸರಿಯಾಗಿ ಕ್ರಿಸ್ಮಸ್ ರಜೆಗೇ ಬರುತ್ತದೆ. ಮಲಯಾಳಿ ನೆರೆಮನೆಗಳಲ್ಲಿ ಧನು ತಿಂಗಳ ತಿರುವಾದಿರ ಹಬ್ಬದ ಉಪವಾಸಕ್ಕೆ ಕೂವೆ ಕಾಯಿಸುವುದೂ, ಗೆಡ್ಡೆಗಳನ್ನೆಲ್ಲ ಸೇರಿಸಿ ಪುಳುಕ್ಕ್ ಮಾಡುವುದೂ ಇದೇ ಹೊತ್ತಿಗೆ. ಅವರವರ ಪಂಚಾಂಗ ಬೇರೆಯಾದರೂ ಮಣ್ಣಿನ ಪಂಚಾಂಗ ಒಂದೇ.

ಬೇರು, ಪೊರೆ ಕಿತ್ತು ಮಣ್ಣಿನ ವಾಸನೆ ಹೋಗುವ ತನಕ ತೊಳೆಯುವುದು ಮೊದಲ ದಿನದ ಕೆಲಸ. ಇಲ್ಲಿ ಮಣ್ಣು ಉಳಿದರೆ ಕೊನೆಯಲ್ಲಿ ಹುಡಿ ಕೆಂಪಗೆ. ಸುರಂಗ ಇರುವ ಮನೆಯವರು ಈ ವಿಷಯದಲ್ಲಿ ಪುಣ್ಯವಂತರು. ಗುಡ್ಡೆಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ಪಂಪಿಲ್ಲದೆ ತಾನಾಗಿ ಇಳಿದು ಬರುತ್ತದೆ, ಕೂವೆ ಕುಡಿಯುವಷ್ಟು ನೀರನ್ನು ಕರೆಂಟ್ ಬಿಲ್ಲಿನ ಚಿಂತೆಯಿಲ್ಲದೆ ಹೊಯ್ಯಬಹುದು.

ಹಿಂದೆ ಗೆಡ್ಡೆಯನ್ನು ಒರಟು ಕಲ್ಲಿಗೆ ಉಜ್ಜುತ್ತಿದ್ದರು, ಇಲ್ಲವೇ ಡಬ್ಬದ ತಗಡಿಗೆ ಮೊಳೆಯಿಂದ ತೂತು ಹೊಡೆದು ಅದರ ಬೆನ್ನಿಗೆ ತುರಿಯುತ್ತಿದ್ದರು. ಕೂವೆಯೊಂದಿಗೆ ಬೆರಳಿನ ತುದಿಯೂ ಸ್ವಲ್ಪ ಸೇರುತ್ತಿತ್ತು. ಈಗ ಮಿಕ್ಸಿ. ತೆಳ್ಳಗೆ ಬಿಲ್ಲೆ ಕತ್ತರಿಸಿ, ಜಾರಿನ ಅರ್ಧಕ್ಕಿಂತ ಹೆಚ್ಚು ತುಂಬದೆ, ಧಾರಾಳ ನೀರು ಹೊಯ್ದು ತಿರುಗಿಸಬೇಕು. ದೊಡ್ಡ ತುಂಡು ಹಾಕಿದರೆ ನಾರು ಬ್ಲೇಡಿಗೆ ಸುತ್ತಿ ಮೋಟಾರು ಬಿಸಿಯಾಗಿ ವಾಸನೆ ಬರುತ್ತದೆ, ಆಮೇಲೆ ರಿಪೇರಿಯವನ ಮನೆಗೆ ಹೋಗುವ ಖರ್ಚಿನಲ್ಲಿ ಎರಡು ವರ್ಷದ ಕೂವೆ ಕೊಳ್ಳಬಹುದಿತ್ತು.

ಅರೆದದ್ದನ್ನು ಹಳೆಯ ತೆಳು ಬೈರಾಸಿನ ಬಟ್ಟೆಗೆ ಹಾಕಿ, ನೀರು ಹೊಯ್ಯುತ್ತ ಅಗಲ ಪಾತ್ರೆಗೆ ಹಿಂಡುವುದು. ಹಾಲಿನಂಥ ನೀರು ಬರುತ್ತದೆ. ಹಿಂಡಿದ್ದನ್ನು ಇನ್ನೆರಡು ಸಲ ನೀರು ಹಾಕಿ ಹಿಂಡಬೇಕು, ನೀರು ತಿಳಿಯಾಗಿ ಇಳಿದರೆ ಚರಟದಲ್ಲಿ ಇನ್ನೇನೂ ಉಳಿದಿಲ್ಲ ಎಂದು ಅರ್ಥ. ಆಮೇಲೆ ಪಾತ್ರೆಯನ್ನು ಯಾರೂ ಎಡವದ ಮೂಲೆಯಲ್ಲಿ ಇಟ್ಟು ಸುಮ್ಮನಿರುವುದು. ಸುಮ್ಮನಿರುವುದು ಮಕ್ಕಳಿಗೆ ಕಷ್ಟ, ಹತ್ತು ನಿಮಿಷಕ್ಕೊಮ್ಮೆ ಬೆರಳು ಹಾಕಿ ‘ಕೂತಿತಾ’ ಎಂದು ನೋಡಿದರೆ ಅದು ಕೂರುವುದಿಲ್ಲ.

ನಾಲ್ಕು ಗಂಟೆ ಕಳೆದು ಮೇಲಿನ ನೀರನ್ನು ನಿಧಾನ ಬಾಗಿಸಿ ಚೆಲ್ಲಿದರೆ ಕಾಣುವುದು ಮೊದಲು ನಿರಾಸೆಯೇ: ಕಂದು ಬಣ್ಣದ ಲೋಳೆ. ಅದನ್ನು ಚಮಚದ ಅಂಚಿನಿಂದ ಮೆಲ್ಲ ಕೆರೆದು ತೆಗೆದರೆ ಅದರಡಿಯಲ್ಲಿ ಬಿಳಿ. ಒತ್ತಿದರೆ ಕಲ್ಲಿನಂತೆ ಗಟ್ಟಿ, ಬೆರಳು ಬಿಟ್ಟರೆ ಮೊಸರಿನಂತೆ ಹರಿದು ಗುಂಡಿ ಮುಚ್ಚಿಕೊಳ್ಳುತ್ತದೆ. ಈ ಆಟಕ್ಕೆ ಮಕ್ಕಳಿಗೆ ಅರ್ಧ ಗಂಟೆ ಬಿಡಬೇಕು, ಹಿಂಡಿದ ಕೂಲಿ ಅದು. ಆಮೇಲೆ ಹೊಸ ನೀರು ಹೊಯ್ದು, ಕಲಕಿ, ಮತ್ತೆ ಕೂರಿಸುವುದು. ಹೀಗೆ ನಾಲ್ಕು ನೀರು ಆಗಲೇಬೇಕು, ಚೆಲ್ಲುವ ನೀರಿನ ಒಂದು ಹನಿ ನಾಲಗೆಗೆ ಕಹಿ ಅನಿಸದ ತನಕ. ಎರಡು ನೀರಿಗೆ ಸಾಕೆನ್ನುವವರ ಕೂವೆ ನಸುಹಳದಿ, ಹಾಲಿಗೆ ಹಾಕಿದರೆ ಮದ್ದಿನ ರುಚಿ. ಒಂದೇ ನೀರನ್ನು ಎರಡು ದಿನ ಬಿಟ್ಟರೆ ಹುಳಿ ವಾಸನೆ, ಅದು ಒಣಗಿದರೂ ಹೋಗುವುದಿಲ್ಲ.

ಹತ್ತು ಕಿಲೋ ಗೆಡ್ಡೆಗೆ ಒಂದು ಕಿಲೋ ಹುಡಿ ಸಿಕ್ಕಿದರೆ ಒಳ್ಳೆಯದೇ. ಅಷ್ಟು ಜನ ಅಷ್ಟು ದಿನ ದುಡಿದು ಇಷ್ಟೇನಾ ಎಂದು ಲೆಕ್ಕ ಹಾಕುವವರು ಕೂವೆಗೆ ಕೈ ಹಾಕಬಾರದು, ಕೂಲಿ ಹಿಡಿದರೆ ಇದಕ್ಕಿಂತ ನಷ್ಟದ ಬಾಬತ್ತು ಇಲ್ಲ.

ಹಲ್ವ ಮಾಡದೆ ಮಕ್ಕಳು ಬಿಡುವುದಿಲ್ಲ, ಅದಕ್ಕೆ ಹುಡಿ ಒಣಗುವ ತನಕ ಕಾಯಬೇಕಾಗಿಯೂ ಇಲ್ಲ. ಒಣ ಹುಡಿಯಾದರೆ ಒಂದು ಕುಡ್ತೆಗೆ ನಾಲ್ಕು ಕುಡ್ತೆ ನೀರು. ತಳದ ಹಸಿ ಮುದ್ದೆಯೇ ಆದರೆ ಮೂರು ಸಾಕು. ತಣ್ಣೀರಿನಲ್ಲೇ ಕಲಸಬೇಕು, ಬಿಸಿ ನೀರು ತಾಗಿದರೆ ಮೇಲ್ಮೈ ಮಾತ್ರ ಬೆಂದು ಒಳಗೆ ಹುಡಿ ಇರುವ ಗುಂಡುಗಳಾಗುತ್ತವೆ, ಆಮೇಲೆ ಯಾವ ಸೌಟಿಗೂ ಅವು ಬಗ್ಗುವುದಿಲ್ಲ. ಒಂದೂವರೆ ಕುಡ್ತೆ ಬೆಲ್ಲ ಕರಗಿಸಿ ಸೋಸಿ ಸೇರಿಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟು ಕೈ ನಿಲ್ಲಿಸದೆ ತಿರುಗಿಸುವುದು. ಐದಾರು ನಿಮಿಷ ಏನೂ ಆಗುವುದಿಲ್ಲ. ಏನೂ ಆಗುತ್ತಿಲ್ಲವೆಂದು ಉರಿ ದೊಡ್ಡ ಮಾಡುವುದು ಇಲ್ಲೇ, ಹಾಳಾಗುವುದೂ ಇಲ್ಲೇ. ಮತ್ತೆ ಒಮ್ಮೆಲೆ ತಳದಿಂದ ಗಟ್ಟಿಯಾಗಿ ಬರುತ್ತದೆ, ಮಂಕಾಗಿದ್ದದ್ದು ಗಾಜಿನಂತೆ ಹೊಳೆಯುತ್ತದೆ. ಎರಡು ಮೂರು ಚಮಚ ತುಪ್ಪ, ಏಲಕ್ಕಿ. ತಳ ಬಿಟ್ಟು ಒಂದೇ ಮುದ್ದೆಯಾಗಿ ತಿರುಗಿದಾಗ ತುಪ್ಪ ಸವರಿದ ಬಟ್ಟಲಿಗೆ. ಗೇರುಬೀಜ ಹಾಕಿದರೆ ಬೇಡ ಎನ್ನುವವರಿಲ್ಲ. ಆದರೆ ಆ ಪಾರದರ್ಶಕ ಮೈಯನ್ನು ಮುಚ್ಚುವಷ್ಟು ಹಾಕುವುದು ಒಣ ಆಡಂಬರ.

ಉಳಿದ ಮುದ್ದೆಯನ್ನು ತುಂಡು ತುಂಡಾಗಿ ಒಡೆದು, ಬಿಳಿ ಬಟ್ಟೆಯ ಮೇಲೆ ಹರಡಿ ಅಡಿಕೆಯ ಅಂಗಳದ ಒಂದು ಮೂಲೆಯಲ್ಲಿ ಬಿಸಿಲಿಗೆ. ಅಡಿಕೆ ರಾತ್ರಿ ಅಂಗಳದಲ್ಲೇ ಇರಬಹುದು, ಕೂವೆ ಇರುವಂತಿಲ್ಲ, ಇಬ್ಬನಿ ಕುಡಿದು ಮರುದಿನಕ್ಕೆ ಬೂಸ್ಟು ಹಿಡಿಯುತ್ತದೆ. ಸಂಜೆ ಒಳಗೆ, ಬೆಳಗ್ಗೆ ಹೊರಗೆ. ಗಾಳಿ ಇದ್ದರೆ ಮೇಲೊಂದು ತೆಳು ಬಟ್ಟೆ, ಇಲ್ಲದಿದ್ದರೆ ಹುಡಿಯ ಅರ್ಧ ಆಚೆಮನೆಯ ಅಂಗಳಕ್ಕೆ.

ಮೂರು ನಾಲ್ಕು ಬಿಸಿಲು ಬೇಕು. ಹಾಗಾಗಿ ಅಗೆಯುವುದು ರಜೆಯ ಮೊದಲ ಮೂರು ದಿನದಲ್ಲೇ ಆಗಬೇಕು. ಉದಾಸೀನ ಮಾಡಿದರೆ ಬೆಂಗಳೂರಿನವರು ಹೊರಡುವ ದಿನ ಅಂಗಳದಲ್ಲಿ ಇನ್ನೂ ಹಸಿ. ಒಣಗಿತೋ ಎಂದು ನೋಡುವ ಕ್ರಮ ಒಂದೇ. ಚಿಟಿಕೆ ಹುಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಕಿವಿಯ ಹತ್ತಿರ ಹಿಡಿದು ಒತ್ತುವುದು. ಕಿರ್ ಎನ್ನಬೇಕು. ಕಿರ್ ಎಂದರೆ ಬಾಟಲಿಗೆ ತುಂಬಿ, ಸ್ವೆಟರಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಇಡಬಹುದು. ಎನ್ನದಿದ್ದರೆ ಇನ್ನೊಂದು ಬಿಸಿಲು.