ಸೋರುವ ಟ್ಯಾಂಕಿಗೆ ತೇಪೆ ಹಾಕಬೇಡಿ

ಸೆಕೆಂಡ್ ಹ್ಯಾಂಡ್ ಅಕ್ವೇರಿಯಂ ತಂದವರು ಕೇಳೋ ಮೊದಲ ಪ್ರಶ್ನೆ: "ಒಂದು ಮೂಲೆಯಲ್ಲಿ ಸ್ವಲ್ಪ ಜಿನುಗುತ್ತೆ, ಅಲ್ಲಿಗೆ ಒಂಚೂರು ಸಿಲಿಕಾನ್ ಹಚ್ಚಿದ್ರೆ ಸಾಕಲ್ವಾ?" ಸಾಲಲ್ಲ. ಸಿಲಿಕಾನ್ ಅಂದ್ರೆ ಟ್ಯಾಂಕಿನ ಗಾಜುಗಳನ್ನ ಅಂಟಿಸೋ, ನೀರು ತಡೆಯೋ ಅಂಟು. ಹಳೇ ಸಿಲಿಕಾನ್ ಮೇಲೆ ಹೊಸದು ಸರಿಯಾಗಿ ಹಿಡಿಯಲ್ಲ. ಗಾಜನ್ನ ಬಿಗಿಯಾಗಿ ಕಚ್ಚಿಕೊಳ್ಳೋ ಅದೇ ಸಿಲಿಕಾನ್, ಒಣಗಿದ ತನ್ನದೇ ಪದರದ ಮೇಲೆ ಸುಮ್ಮನೆ ಕೂತಿರುತ್ತೆ, ನೀರು ಎರಡರ ನಡುವೆ ನುಸುಳುತ್ತೆ. ಹೊರಗೆ ಒದ್ದೆಯಾದ ಜಾಗದಲ್ಲೇ ಒಳಗೆ ಬಿಟ್ಟಿರುತ್ತೆ ಅನ್ನೋ ಭರವಸೆಯೂ ಇಲ್ಲ. ನೀರು ಅಂಚಿನುದ್ದಕ್ಕೂ ಹರಿದು ಇನ್ನೆಲ್ಲೋ ಹೊರಬರುತ್ತೆ.

ಟ್ಯಾಂಕಿನಲ್ಲಿ ಸಿಲಿಕಾನ್ ಎರಡು ಕಡೆ ಇರುತ್ತೆ. ಗಾಜು ಗಾಜು ಸೇರೋ ಸಂದಿಯಲ್ಲಿರೋದು ಇಡೀ ಟ್ಯಾಂಕನ್ನ ಹಿಡಿದಿಡುತ್ತೆ. ಒಳಮೂಲೆಗಳಲ್ಲಿ ಕಾಣೋ ಪಟ್ಟಿ ನೀರು ತಡೆಯುತ್ತೆ. ನಾವು ಬದಲಿಸೋದು ಈ ಒಳಪಟ್ಟಿಯನ್ನ. ಸಂದಿಯಲ್ಲೇ ಗುಳ್ಳೆ ಎದ್ದಿದ್ದರೆ, ಬೆಳ್ಳಗೆ ಬಿಟ್ಟುಕೊಂಡಿದ್ದರೆ ಪೂರ್ತಿ ಬಿಚ್ಚಿ ಕಟ್ಟಬೇಕು. 90 ಸೆಂ.ಮೀ. ಉದ್ದ, 45 ಸೆಂ.ಮೀ. ಎತ್ತರದ ಟ್ಯಾಂಕ್ ತುಂಬಿದಾಗ ಮುಂದಿನ ಗಾಜೊಂದರ ಮೇಲೇ ಸುಮಾರು 90 ಕೆ.ಜಿ.ಯಷ್ಟು ಒತ್ತಡ ಬೀಳುತ್ತೆ. ಅಲ್ಲಿ ಅಂದಾಜಿನ ಕೆಲಸ ನಡೆಯಲ್ಲ.

ಒಳಪಟ್ಟಿಯನ್ನ ಎಲ್ಲಾ ಮೂಲೆಗಳಿಂದಲೂ ತೆಗೀರಿ. ಬ್ಲೇಡನ್ನ ಗಾಜಿಗೆ ಮಲಗಿಸಿ ತಳ್ಳಿದರೆ ದಪ್ಪ ಭಾಗ ಉದ್ದಕ್ಕೆ ಸುಲಿದು ಬರುತ್ತೆ. ಸಂದಿಯೊಳಕ್ಕೆ ಮಾತ್ರ ಬ್ಲೇಡ್ ಇಳಿಸಬೇಡಿ. ಇಷ್ಟಕ್ಕೇ ಮುಗೀತು ಅಂದ್ಕೊಂಡ ಬಹಳ ಟ್ಯಾಂಕ್‌ಗಳು ಮತ್ತೆ ಸೋರ್ತವೆ, ಯಾಕಂದ್ರೆ ಕಣ್ಣಿಗೆ ಕಾಣದ ತೆಳು ಪೊರೆ ಗಾಜಿನ ಮೇಲೆ ಉಳಿದಿರುತ್ತೆ. ಉಗುರು ಎಳೆದು ನೋಡಿ: ಬರೀ ಗಾಜಿನ ಮೇಲೆ ಜಾರುತ್ತೆ, ಪೊರೆ ಇದ್ದಲ್ಲಿ ತಡೆಯುತ್ತೆ. ಅಲ್ಲಿ ಮತ್ತೆ ಬ್ಲೇಡ್, ಆಮೇಲೆ ಅಸಿಟೋನ್ ಹಾಕಿದ ಬಟ್ಟೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡವೇ ಬೇಡ. ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲೇ ಇರೋದು, ಬೇಸರ ಬಂದರೆ ನಾಳೆ ಮುಂದುವರಿಸಿ, ಆದರೆ ಬಿಟ್ಟು ಮುಂದೆ ಹೋಗಬೇಡಿ.

ಸಿಲಿಕಾನ್ ಕೊಳ್ಳುವಾಗ ಅಕ್ವೇರಿಯಂಗೆ ಅಂತಲೇ ಬರೆದಿರೋದನ್ನ ತಗೊಳ್ಳಿ. ಬಾತ್‌ರೂಮಿಗೆ ಅಂತ ಮಾರೋದರಲ್ಲಿ ಬೂಷ್ಟು ತಡೆಯೋ ರಾಸಾಯನಿಕ ಬೆರೆಸಿರ್ತಾರೆ, ಅದು ಮೀನಿಗೆ ವಿಷ.

ಅಂಚಿನ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಎಲ್ಲಾ ಮೂಲೆಗಳಿಗೂ ಒಂದೇ ಸಲಕ್ಕೆ ಸಿಲಿಕಾನ್ ಹಚ್ಚಿ ಮುಗಿಸಿ. ಬೆರಳಿನಿಂದ ನುಣುಪು ಮಾಡಿ, ಮೇಲೆ ಕೆನೆ ಕಟ್ಟೋ ಮೊದಲೇ ಟೇಪ್ ಎಳೀರಿ.

ಆಮೇಲೆ ಕಾಯಬೇಕು. ಸಿಲಿಕಾನ್ ಗಟ್ಟಿಯಾಗೋದು ಗಾಳಿಯ ತೇವದಿಂದ, ಹೊರಗಿನಿಂದ ಒಳಕ್ಕೆ, ದಿನಕ್ಕೆ ಹೆಚ್ಚುಕಮ್ಮಿ 2–3 ಮಿ.ಮೀ. ಮುಟ್ಟಿದರೆ ಒಣಗಿದೆ ಅನ್ಸಿದರೂ ಒಳಗೆ ಹಸಿ ಇರಬಹುದು. ಗಟ್ಟಿಯಾಗುವಾಗ ಬರೋ ವಿನೆಗರ್ ವಾಸನೆ ಪೂರ್ತಿ ಹೋಗ್ಲಿ, ಒಂದು ವಾರ ಬಿಡಿ. ಟ್ಯಾಂಕನ್ನ ಸಮತಟ್ಟಾದ ಜಾಗದಲ್ಲಿಟ್ಟು, ನೀರನ್ನ ಮೊದಲು ಕಾಲುಭಾಗ, ಆಮೇಲೆ ಅರ್ಧ, ಕೊನೆಗೆ ಪೂರ್ತಿ ತುಂಬಿಸಿ. ಕೆಳಗೆ ಹಾಸಿದ ಪೇಪರಲ್ಲಿ ಒಂದು ಹನಿಯ ಗುರುತೂ ಕಾಣದಿದ್ದರೆ ಮಾತ್ರ ಮೀನಿನ ಯೋಚನೆ ಮಾಡಿ.

ಹಳೇ ಟ್ಯಾಂಕ್ ಮಾರುವವರಲ್ಲೂ ಒಂದು ಕೋರಿಕೆ. ತೇಪೆ ಹಾಕಿದ್ದರೆ ದಯವಿಟ್ಟು ಮೊದಲೇ ಹೇಳಿಬಿಡಿ. ತಗೊಳ್ಳೋರು ಮೀನು ಬಿಡೋ ಮುಂಚೆ ಅದನ್ನ ಕೆರೆದು ತೆಗೀತಾರೆ.