ಸ್ಪಷ್ಟನೆ: ಆ ಗುನುಗು ಕದ್ದದ್ದಲ್ಲ, 1978ರಲ್ಲಿ ಹುಟ್ಟಿದ್ದೂ ಅಲ್ಲ

ಹಳೆಯ ದಶಕಗಳ ಛಾಯೆಯಿರುವ ಆಂಬಿಯೆಂಟ್ ರಾಕ್ (ನಿಧಾನವಾಗಿ ಹರಡುವ ಗುನುಗಿನಂಥ ಸದ್ದಿನಿಂದ ವಾತಾವರಣ ಕಟ್ಟುವ ರಾಕ್ ಸಂಗೀತ) ಆಲ್ಬಮ್ ಹೊಸದಾಗಿ ಬಂದಾಗಲೆಲ್ಲ ಎರಡು ಮಾತು ಹರಿದಾಡುತ್ತವೆ: ಈ ಬಗೆಯ ಸಂಗೀತ 1978ರಲ್ಲಿ ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋ ಅವರ ಆಲ್ಬಮ್ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ನಿಂದ ಶುರುವಾಯಿತು, ಈಗಿನವರು ಹಳೆಯ ರೆಕಾರ್ಡುಗಳಿಂದ ತುಣುಕು ಎತ್ತಿ ಅಂಟಿಸುತ್ತಾರೆ.

ಮೊದಲನೆಯದು ಅರ್ಧಸತ್ಯ. ‘ಆಂಬಿಯೆಂಟ್’ ಎಂಬ ಹೆಸರು ನೆಲೆಯೂರಿದ್ದು ಆ ಆಲ್ಬಮ್‌ನಿಂದ, ನಿಜ. ಆದರೆ 1973ರಲ್ಲೇ ಈನೋ ಮತ್ತು ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಸೇರಿ ಇದೇ ಬಗೆಯ ಸಂಗೀತದ ‘ನೋ ಪುಸ್ಸಿಫೂಟಿಂಗ್’ ಆಲ್ಬಮ್ ತಂದಿದ್ದರು. ವಿಧಾನ ಸರಳ, ಫಲ ಅದ್ಭುತ. ಎರಡು ಟೇಪ್ ರೆಕಾರ್ಡರ್‌ಗಳನ್ನು ದೂರದೂರ ಇಟ್ಟು, ಒಂದೇ ಟೇಪನ್ನು ಎರಡಕ್ಕೂ ಹಾಯಿಸುವುದು. ಮೊದಲ ಯಂತ್ರ ಗಿಟಾರನ್ನು ಮುದ್ರಿಸುತ್ತದೆ. ಕೆಲವು ಕ್ಷಣಗಳ ಮೇಲೆ ಎರಡನೆಯದು ಅದನ್ನೇ ನುಡಿಸಿ ಮೊದಲನೆಯದಕ್ಕೆ ಮರಳಿಸುತ್ತದೆ. ಸ್ವರದ ಮೇಲೆ ಸ್ವರ ಕೂಡುತ್ತಾ, ಹಳೆಯದು ಮೆಲ್ಲಗೆ ಮಾಸುತ್ತಾ ಹೋಗುತ್ತದೆ. ಇದೂ ಅವರ ಆವಿಷ್ಕಾರವಲ್ಲ: ಅಮೆರಿಕದ ಸಂಗೀತ ಸಂಯೋಜಕರಾದ ಟೆರ್ರಿ ರೈಲಿ, ಪಾಲಿನ್ ಒಲಿವೆರೋಸ್ 1960ರ ದಶಕದಲ್ಲೇ ಇದನ್ನು ಬಳಸಿದ್ದರು. ಒಲಿವೆರೋಸ್ ಹೆಸರು ಇಂಥ ಚರ್ಚೆಗಳಲ್ಲಿ ಬಿಟ್ಟುಹೋಗುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಎರಡನೆಯ ಆರೋಪಕ್ಕೆ ಉತ್ತರವೂ ಇಲ್ಲೇ ಇದೆ. ಆ ಸದ್ದು ಯಾವುದೋ ಒಂದು ರೆಕಾರ್ಡಿನ ಆಸ್ತಿಯಲ್ಲ, ಒಂದು ಕ್ರಮದ ಫಲ. ಇಂದು ಲೂಪ್ ಪೆಡಲ್ (ನುಡಿಸಿದ್ದನ್ನು ಮತ್ತೆ ಮತ್ತೆ ಕೇಳಿಸುವ ಸಾಧನ), ಡಿಲೇ (ಸದ್ದನ್ನು ತಡವಾಗಿ ಮರಳಿಸುವುದು), ರಿವರ್ಬ್ (ಅನುರಣನ ಕೊಡುವುದು) ಸೇರಿ ಅದೇ ಕೆಲಸ ಮಾಡುತ್ತವೆ. ಗಿಟಾರನ್ನು ಹೊಸದಾಗಿ ನುಡಿಸಿಯೇ ಅದನ್ನು ಪಡೆಯಬಹುದು. ಸ್ಯಾಂಪಲ್, ಅಂದರೆ ಹಳೆಯ ರೆಕಾರ್ಡಿನ ತುಣುಕು, ಬಳಸುವವರೂ ಇದ್ದಾರೆ. ಆದರೆ ಧ್ವನಿ ಹೋಲುತ್ತದೆ ಎಂಬುದೊಂದೇ ಅದಕ್ಕೆ ಸಾಕ್ಷಿಯಾಗದು. ಆಲ್ಬಮ್‌ನ ಕ್ರೆಡಿಟ್ಸ್ (ಯಾರು ಏನು ನುಡಿಸಿದರು, ಯಾವ ತುಣುಕು ಬಳಸಿದರು ಎಂಬ ಪಟ್ಟಿ) ಮೊದಲು ಓದಿ.